ಅಡವಿಯಪ್ಪನ ಚುಂಗಾಣಿ

“ತೂತು ಬುಡುಸ್ಬ್ಯಾಡ ಕಣಪ್ಪ. ಬೇಕಾದ್ರೆ ಮ್ಯಾಲೆಲ್ಲ ಉಜ್ಜು, ಎಣ್ಣೆ ಹಚ್ಚು, ಗಾಜಿನ ಬೀರುನಲ್ಲಿ ಮಡಿಕ್ಕೊ. ತೂತು ಮಾತ್ರ ಬುಡುಸ್ಬ್ಯಾಡ.”

ಚಿಕ್ಕಗಂಗಮ್ಮ ಈ ಮಾತನ್ನು ಷಡಕ್ಷರಿಯ ಮುಖ ನೋಡಿ ಹೇಳಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ ಕೂತು ಅವನ ಕೈಯಲ್ಲಿದ್ದ ವಸ್ತುವನ್ನೇ ನೋಡುತ್ತ ಹೇಳಿದಳು. ಅದೊಂದು ಹಳೆಯ ತಂಬಾಕಿನ ಪೈಪು; ಊರವರ ಬಾಯಲ್ಲಿ ಚುಂಗಾಣಿ. ಕೊತ್ತಗೆರೆ ಪಕ್ಕದ ಆ ಮನೆಯ ಹೆಂಚು ತೆಗೆಸಿ ಮೇಲೆ ಮೋಲ್ಡು ಹಾಕಿಸಬೇಕೆಂದು ಅಟ್ಟ ಖಾಲಿ ಮಾಡುವಾಗ ಹಿತ್ತಾಳೆ ಡಬ್ಬಿಯೊಂದರಲ್ಲಿ ಸಿಕ್ಕಿತ್ತು. ಮುದುಕಿಯ ಮೊಮ್ಮಗ ಭಾನುಪ್ರಕಾಶ್ ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಫಿಸಿಕ್ಸ್ ಮೇಷ್ಟರು. ಅದೇ ಕಾಲೇಜಿಗೆ ಚಿತ್ರದುರ್ಗದಿಂದ ಕೆಮಿಸ್ಟ್ರಿ ಕಲಿಸಲು ಬಂದವನು ಷಡಕ್ಷರಿ. ಅವನಿಗೆ ಹಳೇ ಪೈಪುಗಳ ಹುಚ್ಚು ಇರುವುದು ಸ್ಟಾಫ್ ರೂಮಿಗೆಲ್ಲ ಗೊತ್ತಿತ್ತು. ಡಬ್ಬಿ ಸಿಕ್ಕ ವಾರದಲ್ಲೇ ಭಾನುಪ್ರಕಾಶ್ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರಿಗೆ ಕರೆತಂದಿದ್ದ.

“ಯಾರದ್ದಜ್ಜಿ ಇದು?” ಷಡಕ್ಷರಿ ಕೇಳಿದ.

“ಅಡವಿಯಪ್ಪಂದು.”

“ನಮ್ಮೂರಲ್ಲಿ ಮಾಟ ಮಾಡ್ತಿದ್ದನಂತೆ ಸರ್,” ಭಾನುಪ್ರಕಾಶ್ ನಗುತ್ತ ಬಾಯಿ ಹಾಕಿದ. “ಕುಣಿಗಲ್ ಕಡೆ ಕುದುರೆ ಕೊಳ್ಳೋಕೆ ಬಂದಿದ್ದ ಯಾವನೋ ಬಿಳೀ ದೊರೆ ಬಿಟ್ಟೋದ ಪೈಪು. ಅದು ಇವನ ಕೈ ಸೇರ್ತು ಅಂತ ಕತೆ.”

ಷಡಕ್ಷರಿ ಪೈಪನ್ನು ಬೆಳಕಿಗೆ ಹಿಡಿದ. ತಂಬಾಕು ತುಂಬುವ ಬಟ್ಟಲಿನ ತಳಕ್ಕೂ, ತುಟಿಗೆ ಇಡುವ ಕಡ್ಡಿಯ ತುದಿಗೂ ಕಪ್ಪು ಮೇಣ ಮೆತ್ತಿ ಗಟ್ಟಿಯಾಗಿ ಬಿರಡೆ ಹಾಕಿದ್ದರು. ಮೇಣದಲ್ಲಿ ಯಾರದೋ ಹೆಬ್ಬೆರಳ ಗುರುತು ಹಾಗೇ ಉಳಿದಿತ್ತು. ಮೂಗಿಗೆ ಹಿಡಿದರೆ ತಂಬಾಕಿನ ವಾಸನೆಯ ಅಡಿಯಲ್ಲಿ ಮಣ್ಣಿನ ವಾಸನೆ. ಬಾವಿ ತೋಡುವಾಗ ಆಳದಿಂದ ಬರುತ್ತದಲ್ಲ, ಆ ತಣ್ಣನೆಯ ಹಸಿ ಮಣ್ಣಿನದು.

“ತೂತಿಲ್ಲದ ಪೈಪು ಬರೀ ಕಟ್ಟಿಗೆ ತುಂಡು ಅಜ್ಜಿ,” ಎಂದ. “ಒಳಗಿರೋ ದೆವ್ವಾನೂ ಪಾಪ ಉಸಿರಾಡಬೇಕಲ್ವಾ?”

“ಉಸ್ರಾಡೋದು ಅದಲ್ಲ,” ಎಂದಳು ಮುದುಕಿ. ಇನ್ನೇನೋ ಹೇಳಲು ಬಾಯಿ ತೆರೆದಳು. ಇಬ್ಬರು ಮೇಷ್ಟರೂ ನಗುತ್ತಿರುವುದು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಎದ್ದುಹೋದಳು.

ಷಡಕ್ಷರಿ ಬೀಡಿ ಸಿಗರೇಟು ಮುಟ್ಟಿದವನಲ್ಲ. ಅವನಿಗೆ ಬೇಕಿದ್ದುದು ಕೊಳೆ. ಯಾರೋ ಸೇದಿ ಬಿಸಾಡಿದ ಪೈಪನ್ನು ತಂದು, ಒಳಗಿನ ಕಿಟ್ಟ ಕೆರೆದು, ಜಿಡ್ಡು ತೆಗೆದು, ಉಪ್ಪುಕಾಗದದಲ್ಲಿ ಉಜ್ಜಿ, ಜೇನುಮೇಣ ತಿಕ್ಕಿದಾಗ ಮಸಿಯ ಕೆಳಗಿಂದ ಮರದ ನರಗಳು ಬೆಂಕಿಯ ನಾಲಿಗೆಗಳ ಹಾಗೆ ಮೇಲೆದ್ದು ಬರುತ್ತಿದ್ದವು. ಆ ಗಳಿಗೆ ಅವನಿಗೆ ಸಾಕಿತ್ತು. ತುಮಕೂರಿನ ಎಸ್.ಎಸ್. ಪುರಂನ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಮೇಜು, ಟೇಬಲ್ ಲ್ಯಾಂಪು, ಸ್ಪಿರಿಟ್ ಬಾಟಲಿ, ದಾರ ಸುತ್ತಿದ ತಂತಿಗಳು, ಗೋಡೆಗೆ ಹೊಳೆಯುವ ಪೈಪುಗಳ ಸಾಲು.

“ಸತ್ತೋರ ಎಂಜಲು ತೊಳೆಯೋ ಕಸುಬು,” ಎಂದು ಅವನ ಹೆಂಡತಿ ಮಾಲಿನಿ ಛೇಡಿಸುತ್ತಿದ್ದಳು. ಮಾಲಿನಿಯ ತವರು ಗುಬ್ಬಿ. ಅಲ್ಲಿಯದೇ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಮ್ಮು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮೈದಾನದ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಕದ್ದು ಕೂತ ಹುಡುಗಿಯರು ಎದ್ದು ಓಡಬೇಕು, ಅಂಥ ಗಂಟಲು. ದೇವರಾಯನದುರ್ಗದ ಮೆಟ್ಟಿಲನ್ನು ಹಾಡು ಹೇಳಿಕೊಂಡೇ ಹತ್ತುವಳು. ಹಿಂದೆ ಏದುಸಿರು ಬಿಡುತ್ತ ಬರುವ ಗಂಡನಿಗಾಗಿ ಪ್ರತಿ ತಿರುವಿನಲ್ಲೂ ಕಾಯುವಳು. ನಕ್ಕರೆ ಪಕ್ಕದ ಮನೆಯವರಿಗೂ ನಗು ಬರುತ್ತಿತ್ತು.

ಮರುದಿನ ಸಂಜೆಯೇ ಅವನು ಕೆಲಸಕ್ಕೆ ಕೂತ. ಕೆಟಲ್ಲಿನ ಹಬೆಗೆ ಹಿಡಿದಾಗ ಮೇಣ ಮೆತ್ತಗಾಯಿತು. ಕೊಕ್ಕೆ ತಂತಿ ತೂರಿಸಿ ಎಳೆದ. ಮೇಣದ ಜೊತೆ ಕೂದಲು ಬಂತು. ನೀಳವಾದ, ನರೆತ ಕೂದಲು. ಎಳೆದಷ್ಟೂ ಬರುತ್ತಿತ್ತು. ಅದರ ಹಿಂದೆ ಬೂದಿ, ಬೂದಿಯ ಹಿಂದೆ ಒಣಮಣ್ಣು. ಮೂಗಿಗೆ ಅಡರಿದ ವಾಸನೆಗೆ ಅವನು ಕಿಟಕಿ ತೆರೆದ. ಎರಡೂ ತುದಿಯ ಬಿರಡೆ ಹೋದರೂ ನಡುವಿನ ಕತ್ತಿನಲ್ಲಿ ಇನ್ನೇನೋ ಸಿಕ್ಕಿಕೊಂಡಿತ್ತು. ತಂತಿ ಚುಚ್ಚಿದರೆ ಬಾಗುತ್ತಿತ್ತು. ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಒರೆಸಿ ತುಟಿಗಿಟ್ಟು ಊದಿದ. ಕೆನ್ನೆ ನೋವು ಬಂತೇ ಹೊರತು ಗಾಳಿ ಒಂದೆಳೆಯೂ ಒಳಗೆ ಹೋಗಲಿಲ್ಲ.

ಆಗತಾನೆ ಮಾಲಿನಿ ಗುಬ್ಬಿಯಿಂದ ಬಂದಿದ್ದಳು. ಕೊರಳಲ್ಲಿ ಸೀಟಿ ಇನ್ನೂ ತೂಗುತ್ತಿತ್ತು.

“ಏನ್ರೀ ಅದು, ಮುಖ ಎಲ್ಲ ಬದನೇಕಾಯಿ ಆಗಿದೆ?”

“ಕಟ್ಕೊಂಡಿದೆ. ನಿಂದು ಪಿ.ಟಿ. ಉಸಿರಲ್ವಾ, ಒಂದ್ಸಲ ಊದು ನೋಡೋಣ.”

“ಥೂ, ಯಾರ ಬಾಯಲ್ಲಿತ್ತೋ!”

“ಸ್ಪಿರಿಟ್ ಹಾಕಿ ಒರೆಸಿದೀನಿ. ನಿನ್ನ ಸೀಟಿಗಿಂತ ಕ್ಲೀನಾಗಿದೆ.”

ಅವಳು ನಗುತ್ತ ಪೈಪನ್ನು ತೆಗೆದುಕೊಂಡಳು. ಎದೆ ತುಂಬ ಗಾಳಿ ಎಳೆದು, ಕಣ್ಣು ಮುಚ್ಚಿ ಊದಿದಳು. ಒಳಗೆ ಏನೋ ಕಿತ್ತುಬಂದ ಸದ್ದು. ಬಟ್ಟಲಿನಿಂದ ಕಪ್ಪು ಉಂಡೆಯೊಂದು ಚಿಮ್ಮಿ ಗೋಡೆಗೆ ಬಡಿದು ಪುಡಿಯಾಯಿತು. ಮಾಲಿನಿ ಗೆದ್ದವಳಂತೆ ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

ಪೈಪು ಈಗ ಅವಳ ತುಟಿಯಲ್ಲಿರಲಿಲ್ಲ, ಇನ್ನೊಂದು ಕೈಯಲ್ಲಿತ್ತು. ಆದರೂ ಅದರೊಳಗೆ ಗಾಳಿ ಓಡಾಡುವ ಸದ್ದು ಇಬ್ಬರಿಗೂ ಕೇಳಿಸಿತು. ಒಳಗೆ. ಹೊರಗೆ. ಮತ್ತೆ ಒಳಗೆ.

“ಕಿಟಕಿ ತೆಗೆದಿದೆ, ಗಾಳಿ,” ಎಂದ ಷಡಕ್ಷರಿ.

ಮಾಲಿನಿ ಪೈಪನ್ನು ಮೇಜಿನ ಮೇಲಿಟ್ಟು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. “ಬೆಚ್ಚಗಿದೆ ಕಣ್ರೀ ಅದು,” ಎಂದಳು.

ಬೆಳಗ್ಗೆ ಅವಳು ಬಸ್ಸಿಗೆ ಹೊರಟ ಮೇಲೆ ಅವನು ಎಂದಿನ ವಿಧಾನಕ್ಕೆ ಕೈ ಹಾಕಿದ. ಹಳೇ ನಾತ ಹೋಗಿಸಲು ಬಟ್ಟಲಿಗೆ ಹತ್ತಿ ತುರುಕಿ, ಪುಡಿ ಉಪ್ಪು ಸುರಿದು, ಮೇಲೆ ಸ್ಪಿರಿಟ್ ಬಿಟ್ಟು ದಿನವಿಡೀ ನೆನೆಯಲು ಇಡಬೇಕು. ಹಾಗೇ ಇಟ್ಟು, ಕೋಣೆಯ ಬಾಗಿಲು ಎಳೆದುಕೊಂಡು ಕಾಲೇಜಿಗೆ ಹೋದ.

ಮೊದಲ ಕ್ಲಾಸು ಮುಗಿಯುವಷ್ಟರಲ್ಲಿ ಗುಬ್ಬಿಯಿಂದ ಫೋನು ಬಂತು. ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳ ಎದುರೇ ಮಾಲಿನಿ ಮೇಡಂ ಕುಸಿದು ಬಿದ್ದಿದ್ದರು.

ಅವನು ಹೋಗುವಷ್ಟರಲ್ಲಿ ಅವಳನ್ನು ಅಲ್ಲಿನ ಆಸ್ಪತ್ರೆಯಲ್ಲಿ ಮಲಗಿಸಿ ಮೂಗಿಗೆ ಆಕ್ಸಿಜನ್ ಹಾಕಿದ್ದರು. ಅವಳ ತಾಯಿ ಗಂಗಾಂಬಿಕೆ ಪಕ್ಕದಲ್ಲಿ ನಿಂತು ಮಗಳ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಮಾಲಿನಿಯ ಉಗುರುಗಳು ನೀಲಿಯಾಗಿದ್ದವು. ಸೂಜಿಯ ಕಣ್ಣಿನಲ್ಲಿ ದಾರ ಎಳೆದಂತೆ ಅವಳು ಉಸಿರನ್ನು ಎಳೆಯುತ್ತಿದ್ದಳು.

“ಏನೂ ಅಡ್ಡ ಇಲ್ಲ,” ಎಂದರು ಡಾಕ್ಟರು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು. “ಶ್ವಾಸಕೋಶ ಕನ್ನಡಿ ಥರ ಇದೆ. ಅಲರ್ಜಿ ಇರಬಹುದು. ಮನೇಲಿ ಏನಾದ್ರೂ ಕೆಮಿಕಲ್ ಇಟ್ಟಿದೀರಾ?”

ಮಾಲಿನಿ ಗಂಡನನ್ನು ಹತ್ತಿರ ಕರೆದಳು. ಅವನು ಬಗ್ಗಿ ಕಿವಿ ಕೊಟ್ಟ.

“ಬಾಯೆಲ್ಲ... ಉಪ್ಪು,” ಎಂದಳು. “ಉಪ್ಪು, ಸ್ಪಿರಿಟ್ಟು.”

ಅವಳ ಬಾಯಿಂದ ಬಂದ ವಾಸನೆ ಅವನ ಮೇಜಿನದು.

ಅವನು ಅದನ್ನು ತನ್ನ ಶಾಸ್ತ್ರದಲ್ಲೇ ಅರ್ಥ ಮಾಡಿಕೊಂಡ. ಮನೆಯೊಳಗೆ ಹರಡಿದ ಆವಿ, ಹೆಂಡತಿಗೆ ಒಗ್ಗಿಲ್ಲ. ಆಂಬುಲೆನ್ಸಿನಲ್ಲಿ ತುಮಕೂರಿಗೆ ಕರೆತಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ. ತನ್ನ ತಪ್ಪಿಗೆ ತಾನೇ ಬೈದುಕೊಳ್ಳುತ್ತ, ಬಟ್ಟೆ ತರಲು ಮನೆಗೆ ಹೋದಾಗ ಪೈಪಿನ ಬಟ್ಟಲಿಂದ ಹತ್ತಿ ಕಿತ್ತು ಎಸೆದು, ಉಪ್ಪು ಒದರಿ, ಒಣಬಟ್ಟೆಯಲ್ಲಿ ಒರೆಸಿದ. ವಾಪಸು ಬಂದರೆ ಮಾಲಿನಿ ಮಂಚದ ಮೇಲೆ ಎದ್ದು ಕೂತಿದ್ದಳು. ನರ್ಸು ನಗುತ್ತಿದ್ದಳು. “ಇದ್ದಕ್ಕಿದ್ದ ಹಾಗೆ ಸರಿಹೋದ್ರು ಸಾರ್, ನೀವು ಆ ಕಡೆ ಹೋದ್ರಿ, ಇವ್ರು ಎದ್ದು ಕೂತ್ಕೊಂಡು ಕಾಫಿ ಕೇಳಿದ್ರು.”

ಆಮೇಲಿನ ದಿನಗಳಲ್ಲಿ ಅವನು ಸ್ಪಿರಿಟ್ ಬಾಟಲಿಯನ್ನು ಮನೆಯಿಂದಾಚೆ ಸಾಗಿಸಿದ. ಮಾಲಿನಿ ರಜೆ ಹಾಕಿ ಮನೆಯಲ್ಲಿದ್ದಳು. ಆದರೆ ಪೈಪು ಅವನನ್ನು ಕಾಡತೊಡಗಿತು. ಸಂಜೆ ಕೆರೆದು ಬೋಳು ಮಾಡಿಟ್ಟ ಬಟ್ಟಲಿನಲ್ಲಿ ಬೆಳಗ್ಗೆ ಎಳೆಯ ಕಿಟ್ಟ ಕೂತಿರುತ್ತಿತ್ತು. ಯಾರೂ ತಂಬಾಕು ತುಂಬಿರಲಿಲ್ಲ, ಬೆಂಕಿಕಡ್ಡಿ ಗೀರಿರಲಿಲ್ಲ. ಮುಟ್ಟಿದರೆ ಬಿಸಿ. ಅವನು ಕೆರೆದ. ಮತ್ತೆ ಕೂತಿತು. ಹಳೇ ಮರ ಎಣ್ಣೆ ಬಿಡುತ್ತಿದೆ ಎಂದುಕೊಂಡ. ಕೆರೆದ ಸಂಜೆಗಳಲ್ಲಿ ಮಾಲಿನಿ ಹಗುರಾಗಿ ಓಡಾಡುವುದನ್ನೂ, ಕಿಟ್ಟ ದಪ್ಪಗಾದ ಬೆಳಗ್ಗೆ ಅವಳು ಗೋಡೆ ಹಿಡಿದು ನಿಲ್ಲುವುದನ್ನೂ ಅವನ ಕಣ್ಣು ನೋಡಿತು. ಮನಸ್ಸು ನೋಡಲಿಲ್ಲ.

ಒಂದು ಮೋಡದ ಮಧ್ಯಾಹ್ನ ಅವನು ಮೇಣ ತಿಕ್ಕುತ್ತಿದ್ದ. ಮರದ ನರಗಳು ಅದ್ಭುತವಾಗಿ ಎದ್ದಿದ್ದವು. ಅಡುಗೆಮನೆಯಿಂದ ಒಗ್ಗರಣೆಯ ಘಮ ಬರುತ್ತಿತ್ತು. ಹಿಡಿತಕ್ಕೆಂದು ಅವನ ಹೆಬ್ಬೆರಳು ಬಟ್ಟಲಿನ ಬಾಯಿಯ ಮೇಲೆ ಒತ್ತಿ ಕೂತಿತು. ಪಾತ್ರೆ ನೆಲಕ್ಕೆ ಬಿದ್ದ ಸದ್ದು. ಸಾಸಿವೆ ಸೀದ ವಾಸನೆ. ಅವನು ಪೈಪನ್ನು ಬಿಟ್ಟು ಓಡಿದ. ಮಾಲಿನಿ ಕಟ್ಟೆ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಉಸಿರು ಗುಟುಕರಿಸುತ್ತಿದ್ದಳು.

“ಯಾರೋ... ಮೂತಿಗೆ ದಿಂಬು ಒತ್ತಿದ ಹಾಗಾಯ್ತು.”

ಒಲೆ ಆರಿಸಿ, ನೀರು ಕೊಟ್ಟು, ಅವನು ಕೋಣೆಗೆ ಮರಳಿದ. ಮೇಜಿನ ಮೇಲೆ ಪೈಪು ಮಲಗಿತ್ತು. ಅದನ್ನೆತ್ತಿಕೊಂಡು ಬಾಗಿಲಿಗೆ ಬಂದ. ಅಲ್ಲಿಂದ ಅಡುಗೆಮನೆ ಕಾಣುತ್ತಿತ್ತು. ಮಾಲಿನಿ ಇತ್ತ ಬೆನ್ನು ಹಾಕಿ ನೆಲ ಒರೆಸುತ್ತಿದ್ದಳು.

ಹೆಬ್ಬೆರಳು ಇಟ್ಟ.

ಅವಳ ಕೈ ನಿಂತಿತು. ಬೆನ್ನು ಬಿಲ್ಲಾಯಿತು. ಬಾಯಿ ತೆರೆಯಿತು. ಸದ್ದಿಲ್ಲ. ಮೀನಿನ ಬಾಯಿ. ಕುತ್ತಿಗೆಯ ನರ ಉಬ್ಬಿತು. ಕೈ ನೆಲವನ್ನು ಬಡಿಯಿತು. ಹೆಬ್ಬೆರಳ ಕೆಳಗೆ ಏನೋ ಮೆತ್ತಗೆ, ಬೆಚ್ಚಗೆ ಒದೆಯುತ್ತಿತ್ತು, ಹೊರಗೆ ಬರಲು.

ಅವನು ಬೆರಳು ತೆಗೆದ. ಅವಳು ಉಸಿರೆಳೆದುಕೊಂಡ ಸದ್ದು ಅಡುಗೆಮನೆಯಿಂದ ಬಂತು. ಅವನ ಅಂಗೈಯಿಂದಲೂ ಬಂತು.

ಪೈಪನ್ನು ಮಡಿಲಲ್ಲಿಟ್ಟುಕೊಂಡೇ ಅವನು ಮರುದಿನ ಬಾಡಿಗೆ ಕಾರಿನಲ್ಲಿ ಕೊತ್ತಗೆರೆಗೆ ಹೋದ. ಡಬ್ಬಿಗೆ ಹಾಕಲು ಧೈರ್ಯ ಬರಲಿಲ್ಲ. ಕಿಟಕಿಯ ಗಾಜು ಏರಿಸಿ, ದೂಳು ಬೀಳದಂತೆ ಅಂಗೈಯನ್ನು ಮರೆ ಮಾಡಿ, ಹಾಗೆಂದು ತೀರಾ ಹತ್ತಿರ ತರದೆ, ದಾರಿಯುದ್ದಕ್ಕೂ ಹಿಡಿದಿದ್ದ. ಗುಂಡಿ ಬಂದಾಗಲೆಲ್ಲ ಅವನ ಜೀವ ಹೋಗಿ ಬರುತ್ತಿತ್ತು.

ಚಿಕ್ಕಗಂಗಮ್ಮ ತೋಟದ ಬದಿ ತೆಂಗಿನ ಗರಿ ಸೀಳುತ್ತ ಕೂತಿದ್ದಳು. ಅವನು ಪೈಪು ಹಿಡಿದಿದ್ದ ರೀತಿಯಲ್ಲೇ ಅವಳಿಗೆ ಎಲ್ಲ ತಿಳಿಯಿತು. ಕುಡುಗೋಲನ್ನು ಕೆಳಗಿಟ್ಟಳು.

“ಯಾರು ಊದುದ್ರು?”

“ನನ್ನ ಹೆಂಡ್ತಿ.”

“ಅಯ್ಯೋ ಸಿವನೇ.”

ಗಾಳಿಗೆ ಗರಿಗಳು ಒಂದಕ್ಕೊಂದು ಉಜ್ಜುತ್ತಿದ್ದವು. ಮುದುಕಿ ತಗ್ಗಿದ ದನಿಯಲ್ಲಿ ಹೇಳತೊಡಗಿದಳು. ಅಡವಿಯಪ್ಪ ತನಗೆ ಬೇಕಾದವರ ಕೈಗೆ ಚುಂಗಾಣಿ ಕೊಟ್ಟು ‘ಕಟ್ಕಂಡದೆ, ಒಂಚೂರು ಊದು’ ಎನ್ನುತ್ತಿದ್ದ. ಊದಿದವನ ಉಸಿರು ಅದರೊಳಗೆ. ಅವತ್ತಿಂದ ಅವನು ಅಡವಿಯಪ್ಪನ ಆಳು. ಹೊಲ ಬರೆದುಕೊಡು ಎಂದರೆ ಬರೆದುಕೊಡಬೇಕು, ಮಗಳನ್ನು ಕಳಿಸು ಎಂದರೆ ಕಳಿಸಬೇಕು. ಇಲ್ಲವೆಂದರೆ ಬಟ್ಟಲಿಗೆ ಹೆಬ್ಬೆರಳು.

“ಕೊನೇಗೆ ಅದ್ರಲ್ಲಿದ್ದುದ್ದು ನಮ್ಮ ಯಜಮಾನ್ರು ಉಸ್ರು. ಅಡವಿಯಪ್ಪ ಸತ್ತಾಗ ಪೀಡೆ ತೊಲಗ್ತು ಅಂದ್ಕಂಡೊ. ಅವ್ನ ಕಡೆಯೋರು ಗುಂಡಿಯಾಗೆ ಚುಂಗಾಣಿನೂ ಇಕ್ಕಿ ಮಣ್ಣು ಎಳುದ್ರು. ಇಲ್ಲಿ ರಾಗಿ ಹೊಲ್ದಲ್ಲಿ ನಿಂತಿದ್ದ ನಮ್ಮೋರು ಧಡ್ ಅಂತ ಬಿದ್ರು. ಬಾಯಿ ಬುಡಿಸಿ ನೋಡುದ್ರೆ ಮಣ್ಣು ಕಣಪ್ಪ. ಗಂಟ್ಲಗಂಟ ಮಣ್ಣು. ಓಡೋಗಿ ಅಗುದು ತಗುದ್ರು, ಅಷ್ಟೊತ್ಗೆ ಎಲ್ಲಾ ಮುಗ್ದೋಗಿತ್ತು. ಆಮ್ಯಾಕೆ ನಾನೇ ನಮ್ಮತ್ತೆ ಕೂದ್ಲು ಸುತ್ತಿ, ಮೇಣ ಇಕ್ಕಿ ಮುಚ್ಚುದ್ದು. ಇನ್ನೊಬ್ರು ಊದ್ಬಾರ್ದು ಅಂತ.”

“ಸುಟ್ಟುಬಿಡಬೇಕಿತ್ತು!”

“ಒಳ್ಗೆ ಯಾರ ಚೂರು ಉಳ್ಕಂಡದೋ ಏನೋ. ಬೆಂಕಿ ಇಕ್ಕೋಕೆ ಯಾರು ಕೈ ಮಾಡ್ತಾರೆ? ನೀನು ಇಕ್ತೀಯಾ ಈಗ?”

ಬೆಂಕಿ ಇಟ್ಟರೆ ಮಾಲಿನಿಯ ಎದೆಗೆ. ಅಮಾನಿಕೆರೆಗೆ ಎಸೆದರೆ ಮಾಲಿನಿಯ ಮೂಗಿಗೆ ನೀರು. ತೂತು ಮುಚ್ಚಿದರೆ ಅಲ್ಲಿಗೆ ಮುಗಿಯಿತು.

“ಬಿಡಿಸೋಕೆ ದಾರಿ ಇಲ್ವಾ ಅಜ್ಜಿ?”

“ಇನ್ನೊಬ್ರು ಮನಸಾರೆ ಊದುದ್ರೆ ಮೊದಲ್ನೋರು ಬುಡಿಸ್ಕತಾರೆ ಅಂತಿದ್ರು. ಅಂದೋರು ಯಾರೂ ಕಂಡೋರಲ್ಲ. ಅಡವಿಯಪ್ಪ ಒಬ್ರುನ್ನ ಮುಗುಸ್ದೆ ಇನ್ನೊಬ್ರು ಕೈಗೆ ಕೊಟ್ಟಿದ್ರೆ ತಾನೇ?” ಅವಳು ಅವನ ಮುಖ ನೋಡಿದಳು. “ಅಲ್ಲೀಗಂಟ ಕೆರೀತಾ ಇರು. ಕಟ್ಕಳಕ್ಕೆ ಬುಡಬ್ಯಾಡ.”

ಮಾಲಿನಿಗೆ ಅವನು ಅಂದೇ ಹೇಳಿದ. ಅವಳು ನಂಬುವುದಿಲ್ಲ ಎಂದುಕೊಂಡಿದ್ದ. ಅವಳು ಪೈಪನ್ನು ಕೈಗೆ ತೆಗೆದುಕೊಂಡು ಕಿವಿಗೆ ಹಿಡಿದಳು. ಒಂದಿಷ್ಟು ಹೊತ್ತು ಉಸಿರು ಬಿಗಿಹಿಡಿದಳು. ಪೈಪೂ ಸುಮ್ಮನಾಯಿತು. ಬಿಟ್ಟಳು. ಪೈಪು ಬಿಟ್ಟಿತು. ನಂಬಲು ಅವಳಿಗೆ ಬೇರೇನೂ ಬೇಕಾಗಲಿಲ್ಲ.

“ನಿನ್ನೆ ಅಡುಗೆಮನೇಲಿ ನೀವೇ ಅಲ್ವಾ?”

“ಮೊದಲನೇ ಸಲ ಗೊತ್ತಿಲ್ದೆ ಆಯ್ತು.”

“ಎರಡನೇ ಸಲ?”

“ಖಚಿತ ಮಾಡ್ಕೊಬೇಕಿತ್ತು.”

ಅವಳು ಪೈಪನ್ನು ಅವನ ಕೈಗೆ ವಾಪಸು ಕೊಟ್ಟಳು. ಕೊಡುವಾಗ ಅವಳ ಬೆರಳುಗಳು ಅದನ್ನು ಬಿಡಲು ತುಸು ತಡ ಮಾಡಿದವು. ಕೊಡದೆ ಇರಲು ಆಗುವಂತಿರಲಿಲ್ಲ. ಕೆರೆಯುವುದು ಅವನಿಗೆ ಮಾತ್ರ ಬರುತ್ತಿತ್ತು.

ಅಂದಿನಿಂದ ಆ ಮನೆಯಲ್ಲಿ ಇದ್ದದ್ದು ಒಂದೇ ಕೆಲಸ. ಬೆಳಗ್ಗೆ ಎದ್ದು ಕೆರೆಯುವುದು, ಕಾಲೇಜಿಗೆ ಹೋಗುವ ಮುಂಚೆ ಪೈಪಿನ ಕತ್ತಿನೊಳಗೆ ಒಣ ತಂತಿ ಆಡಿಸುವುದು, ಬಂದೊಡನೆ ಮತ್ತೆ ಕೆರೆಯುವುದು. ತಂತಿ ಒಳಗೆ ಹೋಗುವಾಗ ಮಾಲಿನಿ ಕುರ್ಚಿಯ ತೋಳು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಅವನ ಕೈ ಜಾರಿದರೆ ಅವಳಿಗೆ ಕೆಮ್ಮು. ಕೆಮ್ಮಿದರೆ ಕರವಸ್ತ್ರದ ಮೇಲೆ ಮಸಿ. ಅವಳು ಕೆಲಸಕ್ಕೆ ಹೋಗುವುದನ್ನು ಬಿಟ್ಟಳು. ಕೊರಳ ಸೀಟಿಯನ್ನು ತೆಗೆದು ಎಲ್ಲೋ ಇಟ್ಟಳು. ಗಂಗಾಂಬಿಕೆ ಮಠಕ್ಕೆ ಹೋಗಿ ತೀರ್ಥ ತಂದರು, ತಾಯತ ಕಟ್ಟಿಸಿದರು. ತಾಯತ ಮಗಳ ತೋಳಿನಲ್ಲಿತ್ತು. ಉಸಿರು ಮೇಜಿನ ಮೇಲಿತ್ತು.

ಷಡಕ್ಷರಿಗೆ ಒಂದು ವಿಷಯ ಬಲು ಬೇಗ ಕಂಡಿತು. ಹೆಂಡತಿಗೆ ಹೇಳಲಿಲ್ಲ. ಕಿಟ್ಟ ಕೆರೆಯುವಾಗ ಪ್ರತಿ ಸಲವೂ ಕೂದಲೆಳೆಯಷ್ಟು ಮರವೂ ಬರುತ್ತದೆ. ಎಷ್ಟು ಮೆಲ್ಲಗೆ ಕೆರೆದರೂ ಬರುತ್ತದೆ. ಬಟ್ಟಲಿನ ಗೋಡೆ ತೆಳುವಾಗುತ್ತಿತ್ತು. ದೀಪಕ್ಕೆ ಹಿಡಿದರೆ ಒಂದು ಕಡೆ ಮರದೊಳಗಿಂದ ಕೆಂಪು ಬೆಳಕು ಕಾಣತೊಡಗಿತು. ಕೆರೆಯದಿದ್ದರೆ ಸಾವು ಇವತ್ತೇ. ಕೆರೆದರೆ ಇನ್ನೊಂದು ದಿನ.

ಆ ಕೆಂಪು ಜಾಗದಲ್ಲಿ ಒಂದು ಬೆಳಗ್ಗೆ ಬಿರುಕು ಕಂಡಿತು. ಉಗುರಿನ ಗೀರಿನಂಥದು. ಹೊರಗೆ ಮಾಲಿನಿ ಬಟ್ಟೆ ಒಣಗಿಸುತ್ತಿದ್ದವಳು ಎದೆ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

“ನಾನು ಊದ್ತೀನಿ,” ಎಂದ ಅವನು, ಅವಳ ಪಕ್ಕ ಕೂತು.

“ಬೇಡ.”

“ನೀನು ಬಿಡಿಸ್ಕೋತೀಯ.”

“ಆಮೇಲೆ ನಿಮ್ದನ್ನ ಕೆರೆಯೋರ್ಯಾರು? ನನ್ನ ಕೈ ಒರಟು. ಬಾಲ್ ಹಿಡಿಯೋ ಕೈ ಇದು.” ನಡುನಡುವೆ ನಿಂತು ನಿಂತು ಹೇಳಿದಳು. “ಒಂದಿನ ನಾನೇ ನಿಮ್ಮನ್ನ ಕೊಂದುಬಿಡ್ತೀನಿ. ಬೇಡ ಅಂದ್ರೆ ಬೇಡ ಕಣ್ರೀ.”

ಅವನು ತಲೆಯಾಡಿಸಿದ. ಅವಳನ್ನು ಒಳಗೆ ಕರೆದೊಯ್ದು ದಿಂಬಿಗೆ ಒರಗಿಸಿ ಕೂರಿಸಿದ. ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ.

ಪೈಪು ಲ್ಯಾಂಪಿನ ಕೆಳಗೆ ಉಸಿರಾಡುತ್ತಿತ್ತು. ಬಿರುಕಿನಿಂದ ಸಣ್ಣಗೆ ಗಾಳಿ ಸೋರುತ್ತಿತ್ತು. ಅವನು ಕಡ್ಡಿಯನ್ನು ತುಟಿಗಿಟ್ಟ. ಅದು ನಾಲಿಗೆಯಷ್ಟು ಬೆಚ್ಚಗಿತ್ತು. ಮನಸಾರೆ, ಎಂದಿದ್ದಳು ಮುದುಕಿ. ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಊದಿದ.

ಉಸಿರು ಪೈಪಿನ ಕತ್ತಿನೊಳಗೆ ಹೋಯಿತು. ಎದುರಿಗೆ ಇನ್ನೊಂದು ಸಿಕ್ಕಿತು. ಮೆತ್ತಗೆ, ಬೆಚ್ಚಗೆ. ಅವನಿಗೆ ಅದರ ಗುರುತು ಸಿಕ್ಕಿತು. ಇಷ್ಟು ವರ್ಷ ಪಕ್ಕದ ದಿಂಬಿನಿಂದ ಕತ್ತಿಗೆ ತಾಗಿದ ಉಸಿರು. ಅದು ಹಿಂದೆ ಸರಿಯಿತು. ಜಾಗ ಬಿಟ್ಟಿತು. ಅವನ ಎದೆಯಿಂದ ಯಾರೋ ನೂಲು ಎಳೆದಂತೆ ಎಲ್ಲ ಹೊರಗೆ ಹೋಯಿತು. ಕಣ್ಣಿಗೆ ಕತ್ತಲೆ. ಕಿವಿಯಲ್ಲಿ ಮಣ್ಣು ಬೀಳುವ ಸದ್ದು. ಬಟ್ಟಲಿನ ಬಿರುಕು ಅವನ ಕಣ್ಣೆದುರೇ ಮುಚ್ಚಿಕೊಂಡಿತು; ಗಾಯ ಕೂಡಿಕೊಳ್ಳುವ ಹಾಗೆ, ಮರ ಮರವನ್ನು ಸೇರಿ, ಗೋಡೆ ದಪ್ಪಗಾಯಿತು.

ಪಕ್ಕದ ಕೋಣೆಯಲ್ಲಿ ಮಾಲಿನಿ ಉಸಿರೆಳೆದಳು. ಮೈದಾನದಲ್ಲಿ ಎಳೆಯುತ್ತಿದ್ದಂಥ ಉಸಿರು. ಆಳವಾಗಿ, ನೀಳವಾಗಿ.

ಬಿಡುಗಡೆ! ಅವನು ಕೂಗಬೇಕೆಂದುಕೊಂಡ. ಉಸಿರೆಳೆಯಲು ಹೋದ.

ಬರಲಿಲ್ಲ.

ಎದೆ ಎತ್ತಿದ. ಬರಲಿಲ್ಲ. ಮೇಜು ಹಿಡಿದ. ಮೇಣದ ಡಬ್ಬಿ ಉರುಳಿತು. ತಂತಿಗಳು ಚೆಲ್ಲಿದವು. ಮೊಣಕಾಲು ನೆಲಕ್ಕೆ ಬಡಿಯಿತು. ಬಾಗಿಲಾಚೆ ಮಾಲಿನಿ ಇನ್ನೂ ಎಳೆಯುತ್ತಲೇ ಇದ್ದಳು. ಸುಖವಾಗಿ, ತೀರದ ಆಸೆಯಿಂದ. ಆಮೇಲೆ ಅವಳು ಉಸಿರು ಬಿಟ್ಟಳು.

ಬಿಟ್ಟೊಡನೆ ಅವನಿಗೆ ಬಂತು.

ಅವನು ಎಳೆದ. ಎಳೆದ. ಬಾಗಿಲಾಚೆ ಅವಳು ಕೆಮ್ಮತೊಡಗಿದಳು. ಗೋಡೆ ಗುದ್ದಿದಳು. ಅವನು ಬಿಟ್ಟ. ಅವಳಿಗೆ ಬಂತು. ಅವನಿಗೆ ನಿಂತಿತು.

ಆಗ ಅವನಿಗೆ ಅರ್ಥವಾಯಿತು. ಚುಂಗಾಣಿ ಅವಳನ್ನು ಬಿಟ್ಟಿರಲಿಲ್ಲ. ಅವನನ್ನೂ ಸೇರಿಸಿಕೊಂಡಿತ್ತು. ದಾರಿ ಮಾತ್ರ ಒಂದೇ ಇತ್ತು. ಒಂದು ತಂತಿ ಹೋಗುವಷ್ಟು ಸಣ್ಣ ದಾರಿ.

ಮಾಲಿನಿ ತೆವಳಿಕೊಂಡು ಬಂದು ಬಾಗಿಲು ತಳ್ಳಿದಳು. ನೆಲದ ಮೇಲೆ ಬಿದ್ದಿದ್ದ ಅವನನ್ನೂ, ಅವನ ಮುಷ್ಟಿಯಲ್ಲಿದ್ದ ಪೈಪನ್ನೂ ನೋಡಿದಳು. ಬೈಯಲು ಬಾಯಿ ತೆರೆದಳು. ಅವನ ಮುಖ ನೀಲಿಯಾಗುವುದು ಕಂಡು ಮಾತನ್ನು ನುಂಗಿ ಉಸಿರು ಬಿಟ್ಟಳು. ಅವನು ತೆಗೆದುಕೊಂಡ. ಅವಳು ಕಾದಳು. ಅವನು ಬಿಟ್ಟ. ಅವಳು ತೆಗೆದುಕೊಂಡಳು. ಸಂಜೆಯವರೆಗೂ ಹಾಗೇ ಎದುರೆದುರು ಕೂತು, ಒಬ್ಬರ ಎದೆಯನ್ನೊಬ್ಬರು ನೋಡುತ್ತ, ಇಬ್ಬರೂ ಅದನ್ನು ಕಲಿತರು.

ಈಗ ಅವನೂ ಕಾಲೇಜು ಬಿಟ್ಟಿದ್ದಾನೆ. ಭಾನುಪ್ರಕಾಶ್ ಆಗಾಗ ಎಳನೀರು ತೆಗೆದುಕೊಂಡು ನೋಡಲು ಬರುತ್ತಾನೆ. ಮಾಲಿನಿ “ಬನ್ನಿ ಸರ್” ಎಂದು ನಿಲ್ಲುತ್ತಾಳೆ. ಷಡಕ್ಷರಿ “ಕೂತ್ಕೊಳ್ಳಿ” ಎನ್ನುತ್ತಾನೆ. ಒಬ್ಬರು ಶುರು ಮಾಡಿದ ಮಾತನ್ನು ಇನ್ನೊಬ್ಬರು ಮುಗಿಸುತ್ತಾರೆ. ಎಷ್ಟೊಂದು ಅನ್ಯೋನ್ಯ ಎಂದು ಅವನು ಹೊಗಳಿದರೂ ಮಾಲಿನಿ ನಗುವುದಿಲ್ಲ. ನಕ್ಕರೆ ಗಂಡನ ಪಾಲೂ ಖರ್ಚಾಗುತ್ತದೆ. ಮಲಗುವಾಗ ಪೈಪನ್ನು ನಡುವೆ ಇಟ್ಟುಕೊಂಡು, ಒಬ್ಬರ ಅಂಗೈಯನ್ನು ಇನ್ನೊಬ್ಬರ ಎದೆಯ ಮೇಲಿಟ್ಟು ಮಲಗುತ್ತಾರೆ. ತಪ್ಪಿದರೆ ತಟ್ಟಿ ಎಬ್ಬಿಸಲು.

ಈ ಸಲ ಜಡಿಮಳೆ ಹಿಡಿದು ಬಿಡಲೇ ಇಲ್ಲ. ಗೋಡೆಗಳೆಲ್ಲ ಬೆವೆತವು. ತೇವಕ್ಕೆ ಮರ ಊದಿಕೊಳ್ಳುತ್ತದೆ ಎಂದು ಷಡಕ್ಷರಿಗೆ ಗೊತ್ತಿತ್ತು. ಲ್ಯಾಂಪಿನ ಶಾಖಕ್ಕೆ ಹಿಡಿದ, ಬಿಸಿ ಬಟ್ಟೆ ಸುತ್ತಿದ. ಕರೆಂಟು ಹೋಯಿತು. ಕಿಟಕಿಯ ಬೂದು ಬೆಳಕಿನಲ್ಲಿ ಅವನು ತಂತಿ ಹಾಕಿ ನೋಡಿದ. ನಿನ್ನೆ ಸಲೀಸಾಗಿ ಹೋಗಿದ್ದ ತಂತಿ ಕತ್ತಿನಲ್ಲಿ ಸಿಕ್ಕಿಕೊಂಡಿತು. ಮೆಲ್ಲಗೆ ಹೊರಗೆಳೆದ. ಬಂದದ್ದು ಎಳೆಯಷ್ಟು ಗಾಳಿ. ಇಬ್ಬರಿಗೆ ಸಾಲದು.

ಹಾಸಿಗೆಯ ಮೇಲೆ ಇಬ್ಬರೂ ಎದುರೆದುರು ಕೂತಿದ್ದರು. ಸರದಿ ಅವನದಿತ್ತು. ಅವನು ತೆಗೆದುಕೊಳ್ಳಲಿಲ್ಲ. ಅವಳತ್ತ ಗದ್ದ ಎತ್ತಿ ಸನ್ನೆ ಮಾಡಿದ.

ಮಾಲಿನಿ ತಲೆ ಅಲ್ಲಾಡಿಸಿದಳು. “ನೀವ್ ತಗೊಳ್ಳಿ,” ಎಂದು ಅವಳ ತುಟಿಗಳು ಆಡಿದವು. ಸದ್ದು ಬರಲಿಲ್ಲ.

ಅವನು ಇಲ್ಲ ಎಂದ. ಅವಳು ಅವನ ಕೈ ಹಿಡಿದುಕೊಂಡಳು. ಅವಳ ಉಗುರುಗಳು ಮತ್ತೆ ನೀಲಿಗಟ್ಟುತ್ತಿದ್ದವು. ಅವನವೂ. ಹೊರಗೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಇಬ್ಬರ ನಡುವಿನ ಹೊದಿಕೆಯ ಮೇಲೆ ಚುಂಗಾಣಿ ಸದ್ದಿಲ್ಲದೆ ಮಲಗಿತ್ತು. ಅದರೊಳಗೆ ಒಬ್ಬರಿಗಾಗುವಷ್ಟು ಉಸಿರು ಇನ್ನೂ ಉಳಿದಿತ್ತು, ಯಾರೂ ಅದನ್ನು ಮುಟ್ಟಲಿಲ್ಲ.